ಹನ್ನೆರಡು ಹಸು, ಅರವತ್ತೆರಡು ಕಾಲು

ಚಿಕ್ಕಸೀಮೆ ಎಂಬ ಒಂದು ರಾಜ್ಯ. ಹೆಸರಿಗೆ ತಕ್ಕ ಹಾಗೆ ಬಹಳ ಚಿಕ್ಕದು. ಅಲ್ಲಿನ ದೊರೆ ಗಿಡ್ಡಪ್ಪನಾಯಕ ಬೆಳಗ್ಗೆ ವಾಕಿಂಗ್ ಹೊರಟರೆ ತಿಂಡಿಯ ಹೊತ್ತಿಗೆ ರಾಜ್ಯವನ್ನು ಎರಡು ಸುತ್ತು ಹಾಕಿ ಬಂದಿರುತ್ತಿದ್ದ. ಅವನ ಆನೆ ಗಡಿಯ ಹತ್ತಿರ ನಿಂತು ತಿರುಗಿಕೊಂಡರೆ ಅದರ ಸೊಂಡಿಲು ಪರರಾಜ್ಯಕ್ಕೆ ಹೋಗಿ ಬರುತ್ತಿತ್ತು.

ಈ ರಾಜ್ಯದಲ್ಲಿ ಕಂಪ್ಯೂಟರ್ ಇತ್ತು. ದೊರೆಗಳ ಕಾಲದಲ್ಲಿ ಕಂಪ್ಯೂಟರ್ ಎಲ್ಲಿಂದ ಬಂತು ಎಂದು ಯಾರೂ ಕೈ ಎತ್ತಬೇಡಿ. ಕಥೆಯಲ್ಲಿ ನರಿ ಮಾತಾಡಿದಾಗ ಬಾಯಿ ಮುಚ್ಚಿಕೊಂಡು ಕೇಳಿದವರು ಇದನ್ನೂ ಹಾಗೆಯೇ ಕೇಳಿ.

ಚಿಕ್ಕಸೀಮೆಗೆ ಮೂರು ದಿಕ್ಕಿನಲ್ಲಿ ಕಡಿದಾದ ಬೆಟ್ಟ. ನಾಲ್ಕನೆಯ ದಿಕ್ಕಿನಲ್ಲಿ ಒಂದು ಹೊಳೆ, ಹೊಳೆಯಾಚೆ ದೊಡ್ಡಸೀಮೆ. ದೊಡ್ಡಸೀಮೆಯಲ್ಲಿ ಎಲ್ಲವೂ ದೊಡ್ಡದು, ದನಗಳ್ಳರ ಧೈರ್ಯವೂ ಸೇರಿ. ಚಿಕ್ಕಸೀಮೆಯ ದನಗಳೆಲ್ಲ ಮೇಯುತ್ತಿದ್ದದ್ದು ಹೊಳೆಯ ಈಚೆ ದಡದ ಹುಲ್ಲುಗಾವಲಿನಲ್ಲಿ. ಕಳ್ಳರು ಹೊಳೆ ದಾಟಿ ಬಂದರೆ ಕೈಗೆ ಸಿಕ್ಕಷ್ಟು ಹೊಡೆದುಕೊಂಡು ಹೋಗುತ್ತಿದ್ದರು.

ಇದನ್ನು ತಡೆಯಲು ಮೂರು ಠಾಣೆಗಳಿದ್ದವು. ಗುಡ್ಡದ ಮೇಲಿನ ಠಾಣೆಯಲ್ಲಿ ದೂರದವರೆಗೆ ನೋಡುವ ಕ್ಯಾಮೆರಾ. ಅದನ್ನು ನೋಡಿಕೊಳ್ಳುತ್ತಿದ್ದವನು ಮರಿಸ್ವಾಮಿ. ಹೊಳೆಯ ದಡದ ಠಾಣೆಯಲ್ಲಿ ನೆಲದೊಳಗೆ ಹೂತಿಟ್ಟ ಸೆನ್ಸರ್. ಮೇಲೆ ಯಾರು ನಡೆದರೂ ಹೆಜ್ಜೆಯ ಸದ್ದು ಕೇಳಿಸಿಕೊಂಡು ಎಷ್ಟು ಕಾಲು ನಡೆದವು ಎಂದು ಅದು ಎಣಿಸುತ್ತಿತ್ತು. ಅದರ ಉಸ್ತುವಾರಿ ಈರಕ್ಕನದು. ಮೂರನೆಯ ಠಾಣೆ ಊರಬಾಗಿಲು. ಅಲ್ಲಿ ಕ್ಯಾಮೆರಾನೂ ಇಲ್ಲ, ಸೆನ್ಸರೂ ಇಲ್ಲ. ದ್ಯಾವಣ್ಣ ಇದ್ದ, ಅವನ ನಾಯಿ ಕರಿಯ ಇತ್ತು. ಹೊರಗಿನವರ ವಾಸನೆ ಮೂಗಿಗೆ ಬಡಿದರೆ ಕರಿಯ ಬೊಗಳುತ್ತಿತ್ತು. ಅದರ ತಂತ್ರಜ್ಞಾನ ಅಷ್ಟೇ.

ದ್ಯಾವಣ್ಣನಿಗೆ ತನ್ನದು ಅಂತ ಇದ್ದದ್ದು ಹೆಂಡತಿ ಚೌಡಮ್ಮ, ನಾಯಿ ಕರಿಯ, ಮತ್ತೆ ಬೆಳ್ಳಿ ಎಂಬ ಹಸು. ಬೆಳ್ಳಿ ಚೊಚ್ಚಲ ಗಬ್ಬ. ಮಕ್ಕಳಿಲ್ಲದ ಆ ಮನೆಯಲ್ಲಿ ಬಾಣಂತನದ ಸಿದ್ಧತೆ ಈಗಾಗಲೇ ಶುರುವಾಗಿತ್ತು. ಚೌಡಮ್ಮ ಗಂಡನಿಗೆ ಊಟ ಬಡಿಸುವುದು ಮರೆತರೂ ಬೆಳ್ಳಿಗೆ ಬೆಲ್ಲ ತಿನ್ನಿಸುವುದು ಮರೆಯುತ್ತಿರಲಿಲ್ಲ.

ಠಾಣೆಗಳೇನೋ ಮೂರಿದ್ದವು, ಆದರೆ ಒಂದರ ಸುದ್ದಿ ಇನ್ನೊಂದಕ್ಕೆ ಸೇರುತ್ತಿರಲಿಲ್ಲ. ಮರಿಸ್ವಾಮಿ ಚಿತ್ರ ಕಳಿಸುತ್ತಿದ್ದ. ಈರಕ್ಕ ಲೆಕ್ಕ ಕಳಿಸುತ್ತಿದ್ದಳು. ದ್ಯಾವಣ್ಣ ತಾನೇ ಏದುಸಿರು ಬಿಡುತ್ತಾ ಓಡಿ ಬರುತ್ತಿದ್ದ. ಅರಮನೆಯಲ್ಲಿ ಈ ಮೂರನ್ನೂ ತೆಗೆದುಕೊಳ್ಳಲು ಮೂರು ಕೋಣೆ, ಮೂವರು ಗುಮಾಸ್ತರು. ಆ ಮೂವರಿಗೂ ಮಾತುಕತೆ ಇರಲಿಲ್ಲ. ಒಮ್ಮೆ ಸೋಮವಾರ ಕಳ್ಳನೊಬ್ಬ ಬಂದು ಮೇಕೆ ಕದ್ದ. ಚಿತ್ರ, ಲೆಕ್ಕ, ದ್ಯಾವಣ್ಣನ ಮಾತು ಮೂರನ್ನೂ ಜೋಡಿಸಿ ಕಳ್ಳ ಬಂದದ್ದು ಹೌದು ಎಂದು ಅರಮನೆ ತೀರ್ಮಾನಿಸುವಾಗ ಗುರುವಾರವಾಗಿತ್ತು. ಅಷ್ಟರಲ್ಲಿ ಅವನು ಮೇಕೆಯನ್ನು ತಿಂದು ಚರ್ಮ ಒಣಗಿಹಾಕಿದ್ದ.

ದೊರೆಗೆ ಮೈಯೆಲ್ಲ ಉರಿಯಿತು. ಆಸ್ಥಾನದ ತಂತ್ರಜ್ಞ ಜ್ಞಾನಮೂರ್ತಿಯನ್ನು ಕರೆಸಿದ.

"ಮೂರೂ ಠಾಣೆಯ ಸುದ್ದಿ ಒಂದೇ ಕಡೆ, ಒಂದೇ ಕ್ಷಣಕ್ಕೆ ಕಾಣಬೇಕು. ಏನಾದರೂ ಮಾಡು" ಎಂದ.

ಜ್ಞಾನಮೂರ್ತಿ ಮೂರು ತಿಂಗಳು ಗಡ್ಡ ಬಿಟ್ಟು ಒಂದು ಸಾಫ್ಟ್‌ವೇರ್ ಮಾಡಿದ. ಅದಕ್ಕೆ 'ಏಕನೋಟ' ಎಂದು ಹೆಸರಿಟ್ಟ. ಅರಮನೆಯಲ್ಲಿ ಒಂದು ದೊಡ್ಡ ಪರದೆ. ಪ್ರತಿ ಠಾಣೆಯಲ್ಲೂ ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಗಂಟೆಗೊಮ್ಮೆ ಕಾವಲಿನವರು ಒತ್ತಬೇಕು. ಎಲ್ಲ ಕ್ಷೇಮ ಎಂದರೆ ಹಸಿರು, ಏನೋ ಬಂದಿದೆ ಎಂದರೆ ಕೆಂಪು. ಒಂದೇ ಕೆಂಪು ಬಂದರೆ ಬರೆದಿಟ್ಟುಕೊಳ್ಳುವುದು. ಎರಡು ಬಂದರೆ ಐವರು ಸವಾರರು ಹೊರಡುವುದು. ಮೂರೂ ಕೆಂಪಾದರೆ ಊರಬಾಗಿಲು ಮುಚ್ಚಿ ಖುದ್ದು ದೊರೆ ಆನೆಯೇರುವುದು.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬುದ್ಧಿವಂತರಿಗೆ ನಿಲ್ಲಿಸಲು ಬರುವುದಿಲ್ಲ. ಜ್ಞಾನಮೂರ್ತಿ ಪ್ರತಿ ಠಾಣೆಯ ಗೋಡೆಗೂ ಮೂರು ದೀಪಗಳ ಒಂದು ಹಲಗೆ ಹೊಡೆಸಿದ. ಉಳಿದಿಬ್ಬರು ಏನು ಒತ್ತಿದ್ದಾರೆ ಎಂದು ಪ್ರತಿಯೊಬ್ಬರಿಗೂ ಕಾಣುವ ಹಾಗೆ.

"ಇದರಿಂದ ಪರಸ್ಪರ ಸಮನ್ವಯ ಸಾಧಿತವಾಗುತ್ತದೆ" ಎಂದ.

ದ್ಯಾವಣ್ಣನಿಗೆ ಆ ಮಾತು ಅರ್ಥವಾಗಲಿಲ್ಲ. ದೀಪಗಳು ಚೆನ್ನಾಗಿವೆ ಎನ್ನಿಸಿತು.

ಮೊದಲನೆಯ ವಾರ. ಒಂದು ಮಧ್ಯಾಹ್ನ ಕರಿಯ ಬೊಗಳಿತು. ದ್ಯಾವಣ್ಣ ಕೆಂಪು ಒತ್ತಿದ. ಗುಡ್ಡದ ಮೇಲೆ ಮರಿಸ್ವಾಮಿಯ ಹಲಗೆಯಲ್ಲಿ ಕೆಂಪು ದೀಪ ಹತ್ತಿತು. ಅವನ ಕ್ಯಾಮೆರಾದಲ್ಲಿ ಏನೂ ಇರಲಿಲ್ಲ. ಆದರೆ ನಾಳೆ ದೊರೆ ಕರೆಸಿ, ದ್ಯಾವಣ್ಣನಿಗೆ ಗೊತ್ತಾದದ್ದು ನಿನಗೇಕೆ ಗೊತ್ತಾಗಲಿಲ್ಲ, ನಿದ್ದೆ ಹೊಡೆಯುತ್ತಿದ್ದೆಯಾ ಎಂದು ಕೇಳಿದರೆ? ಅವನೂ ಕೆಂಪು ಒತ್ತಿದ. ಎರಡು ಕೆಂಪು ನೋಡಿದ ಮೇಲೆ ಈರಕ್ಕ ಯೋಚಿಸುವುದಕ್ಕೇ ಹೋಗಲಿಲ್ಲ.

ಅರಮನೆಯ ಪರದೆ ಕೆಂಡದಂತಾಯಿತು. ಸವಾರರು ನುಗ್ಗಿದರು. ಗಿಡ್ಡಪ್ಪನಾಯಕ ಊಟ ಬಿಟ್ಟು, ಸಾರು ಮೆತ್ತಿದ ಕೈಯಲ್ಲೇ ಕತ್ತಿ ಹಿಡಿದು ಆನೆಯೇರಿದ. ಗಡಿಗೆ ಹೋಗಿ ನೋಡಿದರೆ ದೊಡ್ಡಸೀಮೆಯ ಅಗಸರ ಕತ್ತೆಯೊಂದು ಹೊಳೆ ದಾಟಿ ಬಂದು ಹುಲ್ಲು ಮೇಯುತ್ತಿತ್ತು. ಅದು ತಲೆಯೆತ್ತಿ ಆನೆಯನ್ನೂ ದೊರೆಯನ್ನೂ ನೋಡಿ ಮತ್ತೆ ಮೇಯಲು ತೊಡಗಿತು.

ಹೀಗೆ ಒಂದೇ ವಾರದಲ್ಲಿ ಮೂರು ಸಲ ಆಯಿತು. ಮೂರು ಸಲವೂ ಅದೇ ಕತ್ತೆ. ಮೂರನೆಯ ಸಲ ದೊರೆ ಆ ಕತ್ತೆಯನ್ನು ಕಟ್ಟಿಹಾಕಿಸಿ, ಮೂವರು ಕಾವಲಿನವರನ್ನೂ ಸಾಲಾಗಿ ನಿಲ್ಲಿಸಿದ.

"ಇನ್ನೊಂದು ಸಲ ಸುಮ್ಮಸುಮ್ಮನೆ ಕೆಂಪು ಒತ್ತಿದವರನ್ನು ಇದೇ ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಮೆರವಣಿಗೆ ಮಾಡಿಸುತ್ತೇನೆ!"

ಅಂದಿನಿಂದ ಚಿಕ್ಕಸೀಮೆಯಲ್ಲಿ ಕೆಂಪು ದೀಪ ಹತ್ತಲಿಲ್ಲ. ಮೂವರೂ ಗುಂಡಿ ಒತ್ತುವ ಮೊದಲು ಹಲಗೆ ನೋಡುತ್ತಿದ್ದರು. ಉಳಿದಿಬ್ಬರದು ಹಸಿರು ಇದೆಯೇ? ಹಾಗಾದರೆ ನನ್ನದೂ ಹಸಿರು. ಮರಿಸ್ವಾಮಿ ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂರುವುದನ್ನು ರೂಢಿ ಮಾಡಿಕೊಂಡ, ಯಾಕೆಂದರೆ ಹಲಗೆ ಇದ್ದದ್ದು ಎದುರಿನ ಗೋಡೆಯಲ್ಲಿ. ಈರಕ್ಕ ಕಾಲುಗಳ ಲೆಕ್ಕ ಓದುವುದನ್ನೇ ಬಿಟ್ಟಳು.

ಇಪ್ಪತ್ತು ದಿನ ಪರದೆಯ ತುಂಬ ಹಸಿರು. ಜ್ಞಾನಮೂರ್ತಿ ಹಿಗ್ಗಿ ಹೀರೇಕಾಯಿಯಾದ.

"ಮಹಾಪ್ರಭು, ನೂರಕ್ಕೆ ನೂರು ಒಮ್ಮತ! ಮೂರು ಠಾಣೆಗಳ ನಡುವೆ ಒಂದೇ ಒಂದು ಭಿನ್ನಾಭಿಪ್ರಾಯ ಇಲ್ಲ!"

ದೊರೆಗೂ ಖುಷಿಯಾಯಿತು. ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ಜ್ಞಾನಮೂರ್ತಿಗೆ ಸನ್ಮಾನ ಇಟ್ಟುಕೊಂಡರು. ಹಾರ, ಹಣ್ಣಿನ ಬುಟ್ಟಿ, ಜರಿ ಅಂಚಿನ ಶಾಲು.

ಅರಮನೆಯಲ್ಲಿ ಶಾಲು ಹೊದಿಸುತ್ತಿದ್ದ ಅದೇ ಹೊತ್ತಿಗೆ ಊರಬಾಗಿಲಲ್ಲಿ ಕರಿಯ ಎದ್ದು ನಿಂತಿತು. ಮೈಮೇಲಿನ ಕೂದಲೆಲ್ಲ ನೆಟ್ಟಗಾಗಿತ್ತು. ಕತ್ತೆಗೆ ಬೊಗಳಿದ ಹಾಗೆ ಬೊಗಳಲಿಲ್ಲ, ಗಂಟಲು ಹರಿಯುವ ಹಾಗೆ ಬೊಗಳಿತು. ದ್ಯಾವಣ್ಣನ ಪಂಚೆಯ ತುದಿ ಕಚ್ಚಿ ಹುಲ್ಲುಗಾವಲಿನ ಕಡೆ ಎಳೆಯಿತು.

ದ್ಯಾವಣ್ಣ ಕೆಂಪು ಗುಂಡಿಯ ಮೇಲೆ ಬೆರಳಿಟ್ಟ. ಹಲಗೆ ನೋಡಿದ. ಹಸಿರು, ಹಸಿರು.

'ಕಣ್ಣಿರೋನು ಹಸಿರು ಅಂತವ್ನೆ, ಕಿವಿ ಇರೋಳು ಹಸಿರು ಅಂತವ್ಳೆ. ನಾಯಿ ಮಾತು ಕಟ್ಕೊಂಡು ನಾನೊಬ್ನೇ ಕತ್ತೆ ಏರ್ಲಾ?' ಅಂದುಕೊಂಡ. ಕರಿಯನಿಗೆ ಸುಮ್ಮನಿರು ಎಂದು ಗದರಿ, ಬುತ್ತಿಯಿಂದ ಒಂದು ತುಂಡು ಮುದ್ದೆ ಹಾಕಿದ. ಕರಿಯ ಮುದ್ದೆಯನ್ನು ಮೂಸಿ ಕೂಡ ನೋಡಲಿಲ್ಲ. ಆಗಲಾದರೂ ಅವನಿಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಹಸಿರು ಒತ್ತಿದ.

ಅವನು ನೋಡಿದ್ದು ಉಳಿದಿಬ್ಬರು ಹಿಂದಿನ ಗಂಟೆಯಲ್ಲಿ ಒತ್ತಿದ್ದ ಹಸಿರು. ಗುಡ್ಡದ ಮೇಲೆ ಮರಿಸ್ವಾಮಿ ಅಪ್ಪಿತಪ್ಪಿ ಕ್ಯಾಮೆರಾದ ಕಡೆ ತಿರುಗಿದಾಗ ಧೂಳೆದ್ದದ್ದನ್ನು ಕಂಡು, ಹಲಗೆಯಲ್ಲಿ ದ್ಯಾವಣ್ಣನ ಹಸಿರು ನೋಡಿ ತಾನೂ ಹಸಿರು ಒತ್ತುತ್ತಿದ್ದ. ಈರಕ್ಕ ಅವರಿಬ್ಬರ ಹಸಿರು ನೋಡಿ ಹಸಿರು ಒತ್ತುತ್ತಿದ್ದಳು.

ಹನ್ನೆರಡು ಹಸುಗಳು ಹೋದವು. ಅದರಲ್ಲಿ ಬೆಳ್ಳಿಯೂ ಒಂದು.

ಚೌಡಮ್ಮ ಅಂದು ಅಡುಗೆ ಮಾಡಲಿಲ್ಲ. ಬೆಳ್ಳಿಯನ್ನು ಕಟ್ಟುತ್ತಿದ್ದ ಖಾಲಿ ಗೊಂತಿನ ಮುಂದೆ ಬೆಲ್ಲದ ಉಂಡೆ ಹಿಡಿದುಕೊಂಡು ಕೂತಿದ್ದಳು. ಗಂಡನಿಗೆ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ದೊರೆ ಸಭೆ ಕರೆದ. ಜ್ಞಾನಮೂರ್ತಿ ಶಾಲು ಹೊದ್ದುಕೊಂಡೇ ಬಂದ.

"ಮಹಾಪ್ರಭು, ಸಾಫ್ಟ್‌ವೇರ್‌ನಲ್ಲಿ ಯಾವ ದೋಷವೂ ಇಲ್ಲ. ಮೂರು ಹಸಿರು ಬಂದರೆ ಅದು ಕ್ಷೇಮ ಎನ್ನಬೇಕು, ಎಂದಿದೆ. ನೋಡಿ, ದನಗಳು ಹೊಳೆ ದಾಟುತ್ತಿರುವಾಗಲೂ ಎಷ್ಟು ದೊಡ್ಡ ಅಕ್ಷರದಲ್ಲಿ ಕ್ಷೇಮ ಎಂದು ತೋರಿಸಿದೆ! ತಪ್ಪು ನಾಯಿಯದು. ಅದು ಬೊಗಳಲೇ ಇಲ್ಲವೇನೋ."

ತಾನು ಬಾಯಿ ಬಿಡದಿದ್ದರೆ ತಪ್ಪು ನಾಯಿಯ ತಲೆಗೆ ಹೋಗುತ್ತದೆ, ತಾನು ಬಚಾವಾಗುತ್ತೇನೆ ಎಂದು ದ್ಯಾವಣ್ಣನಿಗೆ ಗೊತ್ತಿತ್ತು. ಆದರೆ ಕರಿಯ ಅವನ ಕಾಲ ಬಳಿಯೇ ಕೂತಿತ್ತು. ಅವನಿಂದ ಆಗಲಿಲ್ಲ.

"ಬೊಗಳ್ತು ಬುದ್ಧಿ" ಎಂದ. "ಪಂಚೆ ಕಚ್ಚಿ ಎಳೀತು. ನಾನೇ ಹಲಗೆ ನೋಡ್ಕಂಡು ಹಸಿರು ಒತ್ತಿದೆ. ನಾಯಿ ನಿಜ ಹೇಳ್ತು, ನಾನು ಮುಂದಕ್ಕೆ ಹೇಳ್ಲಿಲ್ಲ. ಕತ್ತೆ ಎಲ್ಲಿ ಕಟ್ಟಿದೀರ ಹೇಳಿ, ಹತ್ಕೊತೀನಿ."

ಆಮೇಲೆ ಮರಿಸ್ವಾಮಿ ಮೆಲ್ಲಗೆ, "ಧೂಳು ನಾನೂ ನೋಡ್ದೆ" ಎಂದ. ಈರಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಾನು ಲೆಕ್ಕಾನೇ ನೋಡ್ನಿಲ್ಲ" ಎಂದಳು.

ಗಿಡ್ಡಪ್ಪನಾಯಕ ಎದ್ದು ನಿಂತ. ಅವನು ಕುಳ್ಳನಿರಬಹುದು, ಸಣ್ಣ ಮನುಷ್ಯನಲ್ಲ.

"ಕತ್ತೆಯ ಹೆಸರು ಹೇಳಿ ನಿಮ್ಮನ್ನು ಹೆದರಿಸಿದವನು ನಾನು. ಹತ್ತುವುದಾದರೆ ಮೊದಲು ನಾನು ಹತ್ತಬೇಕು. ಅದು ಬೇಡ. ಈಗ ಏನು ಮಾಡೋಣ, ಅದನ್ನು ಹೇಳು ದ್ಯಾವಣ್ಣ."

"ಆ ಹಲಗೆ ಕಿತ್ತಾಕ್ಸಿ ಬುದ್ಧಿ. ಅದು ಗೋಡೆ ಮೇಲಿದ್ರೆ ನಂಗೆ ಕರಿಯ ಕಾಣಕಿಲ್ಲ."

ಜ್ಞಾನಮೂರ್ತಿ ಹೌಹಾರಿದ. "ಹಲಗೆ ತೆಗೆದರೆ ಉಳಿದವರು ಏನೆಂದರು ಎಂದು ನಿನಗೆ ಹೇಗಯ್ಯಾ ಗೊತ್ತಾಗಬೇಕು?"

"ನಂಗ್ಯಾಕೆ ಗೊತ್ತಾಗ್ಬೇಕು ಸ್ವಾಮಿ? ಮೂವರದ್ದೂ ಕೂಡ್ಸಿ ನೋಡಕೆ ನೀವಿಲ್ವಾ?"

ಹಲಗೆಗಳು ಇಳಿದವು. ಕೆಂಪು, ಹಸಿರು ಗುಂಡಿಗಳೂ ಹೋದವು. ಅವುಗಳ ಬದಲು ಪ್ರತಿ ಠಾಣೆಗೆ ಒಂದು ಮೈಕು ಬಂತು. ಕಣ್ಣಿನವನು ಕಂಡದ್ದು ಹೇಳಬೇಕು, ಕಿವಿಯವಳು ಕೇಳಿದ್ದು ಹೇಳಬೇಕು, ಮೂಗಿನವನು ನಾಯಿ ಮೂಸಿದ್ದು ಹೇಳಬೇಕು. ಹೊಂದಿಸುವ ತಲೆನೋವು ಅರಮನೆಯದು. ಕರಿಯ ಅಪಾಯ ಎಂದರೆ ಮಾತ್ರ ಬಾಗಿಲು ಮುಚ್ಚುವ ಅಧಿಕಾರ ದ್ಯಾವಣ್ಣನಿಗೇ ಬಿಟ್ಟದ್ದು.

ಒಂದೂವರೆ ತಿಂಗಳು ಕಳೆಯಿತು. ಒಂದು ಸಂಜೆ, ದನಗಳು ಊರೊಳಗೆ ಮರಳುವ ಹೊತ್ತು. ಊರಬಾಗಿಲು ಪೂರಾ ತೆರೆದು ಹಾರು ಹೊಡೆದಿತ್ತು. ನಲವತ್ತು ದನ ಒಳಗೆ ಬಂದು ದೊಡ್ಡಿ ಸೇರಿದ್ದವು. ಆಗ ಗುಡ್ಡದ ಮೇಲಿಂದ ಮರಿಸ್ವಾಮಿ ಅರಮನೆಗೆ ಎಣಿಕೆ ಹೇಳಿದವನೇ ಮೈಕು ಗೀಕು ಮರೆತು ಕೂಗಿಕೊಂಡ.

"ಬಂದ್ವು! ಕಳುವಾಗಿದ್ದ ನಮ್ಮ ಹಸುಗಳು ವಾಪಸ್ ಬಂದ್ವು!"

ಊರಿಗೆ ಊರೇ ಬಾಗಿಲಿಗೆ ಓಡಿ ಬಂತು. ಹೊಳೆ ದಾಟಿ, ಧೂಳೆಬ್ಬಿಸುತ್ತಾ, ಒತ್ತೊತ್ತಾಗಿ ಹಸುಗಳು ಬರುತ್ತಿದ್ದವು. ಎಲ್ಲಕ್ಕಿಂತ ಮುಂದೆ ಬೆಳ್ಳಿ. ಹಣೆಯ ಮೇಲಿನ ಬಿಳಿ ಬೊಟ್ಟು ದ್ಯಾವಣ್ಣನಿಗೆ ಅಷ್ಟು ದೂರದಿಂದಲೇ ಗೊತ್ತಾಯಿತು.

ಕರಿಯನ ಮೂಗಿಗೂ ಬೆಳ್ಳಿಯ ವಾಸನೆ ಬಂತು. ಅದರ ಬಾಲ ಪಟಪಟ ಆಡಿತು. ಆದರೆ ಬಾಲ ಆಡುತ್ತಿರುವಾಗಲೇ ಅದರ ಗಂಟಲಿನಿಂದ ಗುರ್ ಎಂಬ ಸದ್ದು ಹೊರಟಿತು, ಮೈ ಕೂದಲು ನೆಟ್ಟಗಾಯಿತು. ಬಾಲ ಒಂದು ಹೇಳುತ್ತಿತ್ತು, ಬಾಯಿ ಇನ್ನೊಂದು ಹೇಳುತ್ತಿತ್ತು.

ದ್ಯಾವಣ್ಣ ಅಭ್ಯಾಸಬಲದಿಂದ ಗೋಡೆಯ ಕಡೆ ತಿರುಗಿದ. ಹಲಗೆ ಇದ್ದ ಜಾಗದಲ್ಲಿ ಎರಡು ಮೊಳೆ ಮಾತ್ರ ಇದ್ದವು. ಮತ್ತೆ ನಾಯಿಯ ಕಡೆ ನೋಡಿದ. ಹುಲ್ಲುಗಾವಲಿನಲ್ಲಿ ಒಬ್ಬ ಮನುಷ್ಯನೂ ಕಾಣುತ್ತಿರಲಿಲ್ಲ.

ಬಾಗಿಲು ಹಾಕಿ ಅಗುಳಿ ಸರಿಸಿದ.

"ಏನು, ಬುದ್ಧಿ ಕೆಟ್ಟೈತಾ ನಿಂಗೆ?" ಎಂದು ಚೌಡಮ್ಮ ಅವನ ತೋಳು ಹಿಡಿದು ಜಗ್ಗಿದಳು. ಒಂದೂವರೆ ತಿಂಗಳಿಂದ ಆಡದ ಮಾತೆಲ್ಲ ಒಟ್ಟಿಗೇ ಬಂತು. "ಬೆಳ್ಳಿ ಬಂದವ್ಳೆ ಕಣೋ! ಮನೆ ಮಗಳು ಬಂದ್ರೆ ಯಾರಾದ್ರೂ ಬಾಗ್ಲು ಹಾಕ್ತಾರಾ? ತೆಗಿ!"

ಊರವರೂ ಬೈದರು. ಬಾಗಿಲಾಚೆ ಬೆಳ್ಳಿ ಅವನ ದನಿ ಗುರುತಿಸಿ ಅಂಬಾ ಎಂದಿತು. ದ್ಯಾವಣ್ಣನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅಗುಳಿಗೆ ಬೆನ್ನು ಕೊಟ್ಟು ನಿಂತೇ ಮೈಕಿನಲ್ಲಿ ಹೇಳಿದ.

"ಊರಬಾಗ್ಲು. ನಾಯಿ ಬಾಲ ಆಡಿಸ್ತಾ ಗುರ್ ಅಂತೈತೆ. ನಮ್ಮ ಬೆಳ್ಳಿ ಬಂದೈತೆ, ಜೊತೇಲಿ ಹೊರಗ್ನೋರು ಅವ್ರೆ. ನಂಗಂತೂ ಯಾರೂ ಕಾಣ್ತಿಲ್ಲ. ಬಾಗ್ಲು ಹಾಕಿವ್ನಿ. ಆಮೇಲೆ ಕತ್ತೆ ಹತ್ಸಿದ್ರೂ ಸರಿ."

ಆ ಹೊತ್ತಿಗೆ ಅರಮನೆಯಲ್ಲಿ ನಡೆದದ್ದು ಅವನಿಗೆ ಆಮೇಲೆ ತಿಳಿಯಿತು. ಪರದೆಯ ಮೇಲೆ ಮೂರು ಸಾಲು ಮೂಡಿದ್ದವು. ಗುಡ್ಡ: ಹನ್ನೆರಡು ಹಸು, ನಮ್ಮವೇ. ಹೊಳೆ: ಅರವತ್ತೆರಡು ಕಾಲು. ಊರಬಾಗಿಲು: ಹೊರಗಿನವರ ವಾಸನೆ.

"ಒಂದಕ್ಕೊಂದು ತಾಳೆಯಾಗುತ್ತಿಲ್ಲ ಮಹಾಪ್ರಭು. ಹನ್ನೆರಡು ನಾಲ್ಕಲಿ ನಲವತ್ತೆಂಟು. ಈರಕ್ಕನ ಸೆನ್ಸರ್ ಕೆಟ್ಟಿರಬೇಕು, ತಿದ್ದಿಬಿಡಲೇ?" ಎಂದು ಜ್ಞಾನಮೂರ್ತಿ ಕೈ ಚಾಚಿದ.

"ಮುಟ್ಟಬೇಡ!" ಎಂದ ದೊರೆ. "ಅವಳು ಎಣಿಸಿದ್ದು ಅವಳದು. ಹೆಚ್ಚಿಗೆ ಇರುವುದು ಎಷ್ಟು?" ತನ್ನ ಹತ್ತು ಬೆರಳು ಸಾಲದೆ ಜ್ಞಾನಮೂರ್ತಿಯ ನಾಲ್ಕು ಬೆರಳು ಹಿಡಿದು ಎಣಿಸಿದ. "ಹದಿನಾಲ್ಕು. ಮೂರೂವರೆ ಹಸು ನಮ್ಮ ಕಣ್ಣಿಗೆ ಬಿದ್ದಿಲ್ಲ ಅನ್ನೋಣವೇ?"

"ಅರ್ಧ ಹಸು ನಡೆಯುವುದಿಲ್ಲ ಮಹಾಪ್ರಭು."

"ಹಾಗಾದರೆ ಎರಡು ಕಾಲಿನವು ಇವೆ. ಹಸುಗಳ ನಡುವೆ ಬಗ್ಗಿಕೊಂಡು ಏಳು ಜನ ಬರುತ್ತಿದ್ದಾರೆ! ನಾಯಿ ಹೇಳುತ್ತಿರುವುದು ಅದನ್ನೇ!"

ಸವಾರರು ಗುಡ್ಡದ ಹಿಂದಿನಿಂದ ಸುತ್ತು ಹಾಕಿ ಹೊಳೆಯ ದಾರಿಗೆ ಅಡ್ಡ ನಿಂತರು. ಚಿಕ್ಕ ರಾಜ್ಯವಾದದ್ದರಿಂದ ಸುತ್ತು ಹಾಕಲು ಬಹಳ ಹೊತ್ತು ಬೇಕಾಗಲಿಲ್ಲ. ಹಸುಗಳ ನಡುವೆ ಕಂಬಳಿ ಹೊದ್ದು, ಬೆನ್ನು ಬಗ್ಗಿಸಿಕೊಂಡಿದ್ದವರನ್ನು ಒಬ್ಬೊಬ್ಬರನ್ನಾಗಿ ಎಳೆದರು. ಕದ್ದ ಹಸುಗಳನ್ನೇ ಮರೆಮಾಡಿಕೊಂಡು ತೆರೆದ ಬಾಗಿಲಿನಿಂದ ಒಳಗೆ ನುಗ್ಗಿ ದೊಡ್ಡಿಯನ್ನು ಪೂರಾ ಬಳಿದುಕೊಂಡು ಹೋಗುವುದು ಅವರ ಹಂಚಿಕೆಯಾಗಿತ್ತು. ಬಾಗಿಲು ತೆರೆದಿದ್ದರೆ ಆ ನಲವತ್ತರ ಜೊತೆ ಬೆಳ್ಳಿಯೂ ಇನ್ನೊಮ್ಮೆ ಹೋಗುತ್ತಿತ್ತು.

ಆದರೆ ಸಿಕ್ಕವರು ಐದೇ ಜನ.

"ಇನ್ನಿಬ್ಬರು ಎಲ್ಲಿ?" ಎಂದು ದೊರೆ ಆನೆಯ ಮೇಲಿಂದ ಗುಡುಗಿದ.

"ನಾವು ಬಂದಿದ್ದೇ ಐದು ಜನ, ನಮ್ಮಪ್ಪನಾಣೆ" ಎಂದರು ಕಳ್ಳರು.

ಕಳ್ಳರ ಮಾತು ಯಾರು ನಂಬುತ್ತಾರೆ? ಸವಾರರು ಪೊದೆಗಳನ್ನು ಬಡಿದರು, ಮರ ಹತ್ತಿ ನೋಡಿದರು, ಒಬ್ಬನಂತೂ ಹೊಳೆಗೆ ಇಳಿದು ಬಂಡೆ ಎತ್ತಿ ನೋಡಿದ. ಈರಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು, "ನನ್ನ ಲೆಕ್ಕ ಸುಳ್ಳಾಗಕಿಲ್ಲ, ಅರವತ್ತೆರಡು ಅಂದ್ರೆ ಅರವತ್ತೆರಡೇ!" ಎಂದು ಪಟ್ಟು ಹಿಡಿದಳು.

ಇತ್ತ ದ್ಯಾವಣ್ಣ ಬಾಗಿಲು ತೆಗೆದು ಓಡಿದ್ದ. ಬೆಳ್ಳಿಯ ಕೊರಳು ತಬ್ಬಿಕೊಂಡ. ಹೊಟ್ಟೆ ಸವರಿದ, ಹೊಟ್ಟೆ ಇಳಿದಿತ್ತು. ಕರು ಎಲ್ಲಿ ಎಂದು ಸುತ್ತ ಹುಡುಕಿದ. ಆಗ ಕಳ್ಳನೊಬ್ಬ ಬಿಟ್ಟುಹೋದ ಕಂಬಳಿ ಬೆಳ್ಳಿಯ ಆಚೆ ಪಕ್ಕದಲ್ಲಿ ಮೆಲ್ಲಗೆ ಅಲುಗಿತು. ಅದರ ಕೆಳಗೆ ಕಡ್ಡಿಯಂಥ ಕಾಲುಗಳು. ಒಂದು, ಎರಡು, ಮೂರು, ನಾಲ್ಕು. ಕಂಬಳಿ ಎತ್ತಿದರೆ ಹಣೆಯ ಮೇಲೆ ಬಿಳಿ ಬೊಟ್ಟಿನ ಕರು, ಮೂತಿಯ ತುಂಬ ಹಾಲಿನ ನೊರೆ.

ದ್ಯಾವಣ್ಣ ನಗುತ್ತಲೇ ಅಳತೊಡಗಿದ.

"ಹುಡುಕ್ಬೇಡಿ ಬುದ್ಧಿ!" ಎಂದು ಕೂಗಿದ. "ಆ ಇಬ್ರು ಕಳ್ರು ಇಲ್ಲೇ ಅವ್ರೆ!"

ದೊರೆ ಮತ್ತೆ ಬೆರಳು ಎಣಿಸಿದ. ಐವರ ಹತ್ತು, ಕರುವಿನ ನಾಲ್ಕು. ಹದಿನಾಲ್ಕು. ಅವನ ಏಳು ಜನದ ಊಹೆ ಬಿಟ್ಟರೆ ಯಾರ ಲೆಕ್ಕವೂ ಸುಳ್ಳಾಗಿರಲಿಲ್ಲ, ಕಳ್ಳರದೂ ಸೇರಿ.

ಐವರನ್ನೂ ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಮೆರವಣಿಗೆ ಮಾಡಿದರು. ಕತ್ತೆ ಒಂದೇ ಇದ್ದದ್ದರಿಂದ ಸರದಿ ಹಚ್ಚಬೇಕಾಯಿತು. ಜ್ಞಾನಮೂರ್ತಿ ತನ್ನ ಜರಿ ಶಾಲನ್ನು ತಾನೇ ತೆಗೆದು ಎಲ್ಲರೆದುರಿಗೆ ಕರಿಯನಿಗೆ ಹೊದಿಸಿದ. ಕರಿಯ ಒಂದು ಅಂಚನ್ನು ಅಲ್ಲೇ ಅಗಿದು ಹಾಕಿತು. ಚೌಡಮ್ಮ ಬೆಲ್ಲದ ಉಂಡೆಯನ್ನು ಬೆಳ್ಳಿಗೆ ತಿನ್ನಿಸಿ, ಬಹಳ ದಿನಗಳ ಮೇಲೆ ಗಂಡನನ್ನು ಊಟಕ್ಕೆ ಕರೆದಳು.

ನೀತಿ: ಹತ್ತು ಜನರ ಮಾತನ್ನು ಒಂದೆಡೆ ಕೂಡಿಸಿ ನೋಡುವುದು ಜಾಣತನ. ಆದರೆ ಆ ಹತ್ತೂ ಮಾತು ಅವರವರದೇ ಆಗಿರಬೇಕು. ಪಕ್ಕದವರ ಮುಖ ನೋಡಿ ಹೇಳಿದ ಸಾಕ್ಷಿ ನೂರು ಸೇರಿದರೂ ಒಂದು ಸಾಕ್ಷಿಯಾಗುವುದಿಲ್ಲ. ನಿಮಗೆ ಕಂಡದ್ದನ್ನು, ನೀವು ಒಬ್ಬರೇ ಆದರೂ, ಕಂಡ ಹಾಗೆ ಹೇಳಿ. ಈ ಕಥೆಯನ್ನು ಹತ್ತು ಜನರಿಗೆ ಕಳಿಸುವವರಿಗೂ ಅದೇ ಮಾತು: ಬೇರೆಯವರು ಚೆನ್ನಾಗಿದೆ ಎಂದರು ಅಂತ ಕಳಿಸಬೇಡಿ, ಒಮ್ಮೆ ನೀವೇ ಓದಿ ನೋಡಿ.